ಹಳೇ ಡಬ್ಬಕ್ಕೆ ಹೊಸ ಕಾರ್ಡು

ನಮ್ಮ ಮನೆಯ ಕಂಪ್ಯೂಟರಿಗೆ ಹನ್ನೆರಡು ವರ್ಷ. ನಮ್ಮ ಮನೆಗೆ ಬಂದು ನಾಲ್ಕೇ ವರ್ಷ. ಅದಕ್ಕೂ ಮುಂಚೆ ಯಾವುದೋ ಕಚೇರಿಯಲ್ಲಿ ದುಡಿದು, ನಿವೃತ್ತಿಯಾಗಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಧೂಳು ಒರೆಸಿಕೊಂಡು, 'ರಿಫರ್ಬಿಶ್ಡ್' ಎಂಬ ಹೊಸ ಹೆಸರು ಪಡೆದು ದಾವಣಗೆರೆ ಬಸ್ಸು ಹತ್ತಿದ ಯಂತ್ರ ಅದು. ಡೆಲ್ ಆಪ್ಟಿಪ್ಲೆಕ್ಸ್ 9020, ಮಿನಿ ಟವರ್. ಒಳಗೆ ಇಂಟೆಲ್‌ನ ನಾಲ್ಕನೇ ಪೀಳಿಗೆಯ ಐ5-4570 ಪ್ರೊಸೆಸರ್. 2013ರಲ್ಲಿ ಬಂದದ್ದು. ನಾಲ್ಕು ಕೋರ್, ನಾಲ್ಕೇ ಥ್ರೆಡ್. ಗ್ರಾಫಿಕ್ಸ್ ಕಾರ್ಡ್ ಎಂಬುದು ಇರಲಿಲ್ಲ. ಪ್ರೊಸೆಸರ್ ಒಳಗೇ ಇರುವ ಎಚ್‌ಡಿ 4600 ಚಿತ್ರ ತೋರಿಸುವ ಕೆಲಸ ಮಾಡಿಕೊಂಡಿತ್ತು.

ಬಿ.ಇ. ಸಿವಿಲ್ ಮುಗಿಸಿದ ನನಗೆ ಕೈತುಂಬ ಸಂಬಳದ ಕೆಲಸ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದು ಎಲಿವೇಶನ್ ಕೆಲಸ. ನಮ್ಮ ಕಡೆ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುವವರಿಗೂ ಈಗ 3ಡಿ ಎಲಿವೇಶನ್ ಬೇಕು. ಮುಂಭಾಗ ಹೇಗೆ ಕಾಣುತ್ತದೆ, ಕಾಂಪೌಂಡಿಗೆ ಯಾವ ಬಣ್ಣ, ಬಾಲ್ಕನಿಗೆ ಗಾಜೋ ಸ್ಟೀಲೋ ಎಂದು ಮನೆಮಂದಿಯೆಲ್ಲ ಕೂತು ನೋಡಿ ಜಗಳವಾಡಲು ಒಂದು ಚಿತ್ರ. ನಮ್ಮೂರಿನ ಒಬ್ಬ ಎಂಜಿನಿಯರ್ ತಿಂಗಳಿಗೆ ಮೂರ್ನಾಲ್ಕು ಕೊಡುತ್ತಾರೆ. ಒಂದಕ್ಕೆ 1,500 ರೂಪಾಯಿ. ನಾನು ಬ್ಲೆಂಡರ್‌ನಲ್ಲಿ ಮಾಡಿ ಕಳಿಸುತ್ತೇನೆ. ಅದು ಉಚಿತ ಸಾಫ್ಟ್‌ವೇರ್, ಅದೇ ಅದರ ಮೊದಲ ಗುಣ.

ಕಳೆದ ವರ್ಷದ ಮಳೆಗಾಲದಲ್ಲಿ ಅವರು, 'ಮೇಡಂ, ಇನ್ಮೇಲೆ ಪಾರ್ಟಿಗಳು ವಾಕ್‌ಥ್ರೂ ಕೇಳ್ತಾರೆ. ಗೇಟಿಂದ ಒಳಗೆ ನಡ್ಕೊಂಡು ಹೋದಂಗೆ ವಿಡಿಯೊ. 5,000 ಕೊಡ್ತೀನಿ, ಆಗುತ್ತಾ?' ಎಂದರು. ಅದೇ ತಿಂಗಳು ಬೆಂಗಳೂರಿನ ಒಂದು ವಿಶುವಲೈಸೇಶನ್ ಸಂಸ್ಥೆಯ ಕೆಲಸದ ಕರೆ ನೋಡಿದೆ. ಅವರಿಗೂ ಪದವಿಗಿಂತ ಮುಖ್ಯವಾಗಿ ಒಂದು ವಾಕ್‌ಥ್ರೂ ಬೇಕಿತ್ತು.

ಲೆಕ್ಕ ಹಾಕಿದೆ. ಒಂದು ಸೆಕೆಂಡ್ ವಿಡಿಯೊಗೆ 24 ಚಿತ್ರ. ಹತ್ತು ಸೆಕೆಂಡಿಗೆ 240. ನನ್ನ ಡಬ್ಬ ಒಂದು ಚಿತ್ರ ರೆಂಡರ್ ಮಾಡಲು 22 ನಿಮಿಷ ತೆಗೆದುಕೊಳ್ಳುತ್ತಿತ್ತು. ಒಟ್ಟು 5,280 ನಿಮಿಷ, ಅಂದರೆ 88 ಗಂಟೆ. ಮೂರೂವರೆ ದಿನಕ್ಕೂ ಹೆಚ್ಚು. ಅದೂ ಎಲ್ಲಿಯೂ ಕರೆಂಟ್ ಹೋಗದಿದ್ದರೆ. ಇದು ಬರೀ ಹತ್ತು ಸೆಕೆಂಡಿಗೆ. ವಾಕ್‌ಥ್ರೂ ಅಂದರೆ ಕನಿಷ್ಠ ಮುಕ್ಕಾಲು ನಿಮಿಷವಾದರೂ ಬೇಡವೆ?

ವಿಷಯ ತಿಳಿದ ಅಪ್ಪ ಎರಡು ದಿನ ಬಿಟ್ಟು, 'ಲ್ಯಾಪ್‌ಟಾಪ್ ತಗಂಬಿಡವ್ವ. ಅಮ್ಮನ ಸರ ಇಟ್ರಾತು' ಎಂದರು. ಅರವತ್ತೈದು ಸಾವಿರದ ಲ್ಯಾಪ್‌ಟಾಪ್. ಅಮ್ಮ ಒಳಗಿಂದ 'ಹೂಂ, ಇಡ್ರಿ, ನಾನೇನ್ ಹಾಕ್ಕಂಡು ಎಲ್ಲಿಗೆ ಹೋಗಬೇಕು' ಎಂದಳು. ಆ ಸರ ತಮ್ಮನ ಪಿಯುಸಿ ಫೀಸಿಗೆ ಒಮ್ಮೆ ಬ್ಯಾಂಕಿಗೆ ಹೋಗಿ ಬಂದಿದೆ. ನನ್ನ ಖಾತೆಯಲ್ಲಿ ಎಲಿವೇಶನ್ ಮಾಡಿ ಕೂಡಿಸಿದ 19,000 ರೂಪಾಯಿ ಇತ್ತು. ಹತ್ತೊಂಬತ್ತರ ಒಳಗೆ ಈ ಡಬ್ಬವನ್ನೇ ದುಡಿಸಲು ಆಗುತ್ತದೆಯೇ ನೋಡುತ್ತೇನೆ, ಒಂದು ತಿಂಗಳು ಸುಮ್ಮನಿರಿ ಎಂದು ಇಬ್ಬರಿಗೂ ಹೇಳಿದೆ. ಆ ಒಂದು ತಿಂಗಳಲ್ಲಿ ಓದಿದ್ದು, ಕೇಳಿದ್ದು, ಅಲೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಮೇಜಿನ ಕೆಳಗೂ ಇಂಥದ್ದೊಂದು ಕರಿ ಡಬ್ಬ ಇರಬಹುದು.

ಕಾರ್ಡ್ ಬೇಕೇ ಎನ್ನುವುದೇ ಮೊದಲು ಕೇಳಬೇಕಾದ ಪ್ರಶ್ನೆ. ಕಂಪ್ಯೂಟರ್ ನಿಧಾನ ಎಂದ ಕೂಡಲೇ ಎಲ್ಲರೂ ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ವಿಂಡೋಸ್ ಏಳಲು ಮೂರು ನಿಮಿಷ ಬೇಕು, ಕ್ರೋಮ್‌ನಲ್ಲಿ ಐದು ಟ್ಯಾಬ್ ತೆರೆದರೆ ಒದ್ದಾಡುತ್ತದೆ ಎಂದಾದರೆ ಅದಕ್ಕೆ ಬೇಕಾದ್ದು ಎಸ್‌ಎಸ್‌ಡಿ ಮತ್ತು ರ್ಯಾಮ್. ಹಳೇ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಆಗುವ ಬದಲಾವಣೆ ಯಾವ ಕಾರ್ಡಿನಿಂದಲೂ ಆಗದು. ನಾನು ಎರಡು ವರ್ಷದ ಹಿಂದೆಯೇ ಅದನ್ನು ಹಾಕಿಸಿದ್ದೆ. ರ್ಯಾಮ್ 16 ಜಿಬಿ ಇತ್ತು. ಸಿವಿಲ್‌ನವರು ದಿನಾ ಬಳಸುವ ಆಟೋಕ್ಯಾಡ್‌ನ ಎರಡು ಆಯಾಮದ ಡ್ರಾಯಿಂಗ್‌ಗೆ ಕಾರ್ಡ್‌ನ ಹಂಗು ಅಷ್ಟಿಲ್ಲ, ಅಲ್ಲಿ ಪ್ರೊಸೆಸರ್‌ನ ಒಂದು ಕೋರ್ ಎಷ್ಟು ಚುರುಕು ಎನ್ನುವುದೇ ಮುಖ್ಯ. ಆದರೆ ಬ್ಲೆಂಡರ್‌ನ ಸೈಕಲ್ಸ್ ರೆಂಡರ್ ಬೇರೆ ಜಾತಿ. ಬೆಳಕಿನ ಲಕ್ಷಾಂತರ ಕಿರಣ ಎಲ್ಲಿ ಬಿದ್ದು ಎಲ್ಲಿ ಪುಟಿಯುತ್ತದೆ ಎಂದು ಒಂದೇ ಬಗೆಯ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು. ನಾಲ್ಕು ಕೋರ್‌ನ ಪ್ರೊಸೆಸರ್ ಎಂದರೆ ನಾಲ್ಕು ಜನ ಜಾಣ ಮೇಸ್ತ್ರಿಗಳು. ಗ್ರಾಫಿಕ್ಸ್ ಕಾರ್ಡ್ ಎಂದರೆ ಇಟ್ಟಿಗೆ ಹೊರುವ ಸಾವಿರ ಆಳು. ಈ ಕೆಲಸಕ್ಕೆ ಆಳುಗಳೇ ಬೇಕು.

ಪರೀಕ್ಷೆಗೆಂದು ನನ್ನ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಗೆಳತಿಯ ಮನೆಗೆ ಹೋದೆ. ಅವಳ ಅಣ್ಣನ ಕಂಪ್ಯೂಟರಿನಲ್ಲಿ ಜಿಟಿಎಕ್ಸ್ 1650 ಇತ್ತು. ನನ್ನಲ್ಲಿ 22 ನಿಮಿಷ ತಿಂದ ಅದೇ ಚಿತ್ರ ಅಲ್ಲಿ ಸುಮಾರು ಮೂರು ನಿಮಿಷಕ್ಕೆ ಮುಗಿಯಿತು. 88 ಗಂಟೆ 12 ಗಂಟೆಗೆ ಇಳಿದಂತೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗಿನ ತಿಂಡಿ ಹೊತ್ತಿಗೆ ಮುಗಿಯುವ ಲೆಕ್ಕ. ಕಾರ್ಡ್ ಬೇಕು ಎನ್ನುವುದು ಅಲ್ಲಿ ಖಚಿತವಾಯಿತು. ನಿಮ್ಮದೇ ಕೆಲಸವನ್ನು ಬೇರೆಯವರ ಯಂತ್ರದಲ್ಲಿ ಓಡಿಸಿ ನೋಡುವುದಕ್ಕಿಂತ ಒಳ್ಳೆಯ ವಿಮರ್ಶೆ ಇಲ್ಲ. ಅದು ಸಾಧ್ಯವಾಗದಿದ್ದರೆ ಬ್ಲೆಂಡರ್‌ನವರೇ 'ಓಪನ್ ಡೇಟಾ' ಎಂಬ ಪಟ್ಟಿ ಇಟ್ಟಿದ್ದಾರೆ. ಯಾವ ಕಾರ್ಡಿಗೆ ಎಷ್ಟು ಅಂಕ ಎಂದು ಪಕ್ಕಪಕ್ಕ ಇಟ್ಟು ನೋಡಬಹುದು.

ಇನ್ನು ಯಾವ ಕಾರ್ಡ್? ಅಪ್ಪ ಲೇಥ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಕಂಪ್ಯೂಟರ್ ಮುಟ್ಟುವುದಿಲ್ಲ. ನಾನು ಕಾರ್ಡ್‌ಗಳ ಚಿತ್ರ ತೋರಿಸುತ್ತ ಕೂತಾಗ ಅವರು ಕೇಳಿದ್ದು ಒಂದೇ ಮಾತು: 'ಅದೆಲ್ಲ ಸರಿ, ಎಷ್ಟು ಕರೆಂಟ್ ಎಳಿತೈತಿ ಅದು? ನಿನ್ನ ಡಬ್ಬಕ್ಕೆ ಅಷ್ಟು ತಾಕತ್ತೈತಾ?'

ಆ ತಿಂಗಳು ಯಾವ ಅಂಗಡಿಯವನೂ ತಾನಾಗಿ ಕೇಳದ ಪ್ರಶ್ನೆ ಅದು. ಪಕ್ಕದ ತಗಡು ತೆಗೆದು ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿದೆವು. 290 ವ್ಯಾಟ್. ಅಷ್ಟೇ. ಪ್ರೊಸೆಸರ್‌ನ ಗರಿಷ್ಠ ಲೆಕ್ಕ 84 ವ್ಯಾಟ್. ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ ಇನ್ನೊಂದು ಐವತ್ತು ಎನ್ನಿ. ಉಳಿದದ್ದು ನೂರೈವತ್ತು ಇದ್ದರೂ ಅದನ್ನು ಕಾರ್ಡಿಗೆ ಮುಟ್ಟಿಸುವ ದಾರಿ ಬೇಕಲ್ಲ! ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕೂ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಆರು ಪಿನ್ನಿನ ಅಥವಾ ಎಂಟು ಪಿನ್ನಿನ ವೈರ್ ಎಳೆಯಬೇಕು. ಆರರದ್ದು ಇನ್ನೊಂದು 75, ಎಂಟರದ್ದು 150 ವ್ಯಾಟ್ ಕೊಡುತ್ತದೆ. ನನ್ನ ಡಬ್ಬದಲ್ಲಿ ಎರಡೂ ಇಲ್ಲ. ಆಫೀಸಿನಲ್ಲಿ ಟೈಪಿಂಗ್ ಮಾಡಲೆಂದು ಹುಟ್ಟಿದ ಯಂತ್ರಕ್ಕೆ ಅದೇಕೆ ಕೊಡುತ್ತಾರೆ?

ಹಾಗಾದರೆ ಎಸ್‌ಎಂಪಿಎಸ್ಸನ್ನೇ ಬದಲಿಸಬಹುದಲ್ಲ ಎನ್ನುತ್ತೀರಿ. ಅಂಗಡಿಯಲ್ಲಿ ಜೋಡಿಸಿದ ಮಾಮೂಲಿ ಅಸೆಂಬಲ್ಡ್ ಕಂಪ್ಯೂಟರಾದರೆ ಧಾರಾಳವಾಗಿ ಬದಲಿಸಿ. ಒಳ್ಳೆಯದೊಂದು ಎಸ್‌ಎಂಪಿಎಸ್ ಮೇಲೆ ಹಾಕಿದ ದುಡ್ಡು ಎಂದೂ ವ್ಯರ್ಥವಲ್ಲ. ಆದರೆ ಕಂಪನಿ ಯಂತ್ರಗಳಲ್ಲಿ ಬೋರ್ಡಿಗೆ ಹೋಗುವ ಪ್ಲಗ್ಗೇ ಬೇರೆ. ಎಲ್ಲರ ಮನೆಯ ಬೋರ್ಡಿನಲ್ಲಿ 24 ಪಿನ್ ಇದ್ದರೆ ಇದರಲ್ಲಿ ಎಂಟು. ಅದಕ್ಕೆ ಪರಿವರ್ತಕ ವೈರ್ ಸಿಗುತ್ತದೆ, ಹಾಕಿಕೊಂಡವರೂ ಇದ್ದಾರೆ. ಎಸ್‌ಎಂಪಿಎಸ್ ಮತ್ತು ವೈರ್ ಎರಡರ ಖರ್ಚು ಸೇರಿಸಿದರೆ ನನ್ನ ಹತ್ತೊಂಬತ್ತು ಸಾವಿರದಲ್ಲಿ ಕಾರ್ಡಿಗೆ ಉಳಿಯುವುದು ಕಡಿಮೆ. ಇನ್ನೊಂದು ಅಡ್ಡದಾರಿಯನ್ನೂ ಒಬ್ಬರು ಹೇಳಿಕೊಟ್ಟರು: ಡಿಸ್ಕಿಗೆ ಹೋಗುವ ಸಾಟಾ ವೈರನ್ನು ಆರು ಪಿನ್ನಿಗೆ ಬದಲಿಸುವ ಪುಟ್ಟ ಕೇಬಲ್. ಇದನ್ನಂತೂ ದಯವಿಟ್ಟು ಮುಟ್ಟಬೇಡಿ. ಸಾಟಾ ಪ್ಲಗ್‌ನ 12 ವೋಲ್ಟ್ ಪಿನ್ನುಗಳು ತಾಳಿಕೊಳ್ಳುವುದು ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರಿಂದ 75 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ. ಅಪ್ಪ ಆ ಕೇಬಲ್‌ನ ಚಿತ್ರ ನೋಡಿಯೇ, 'ಮನೆ ಸುಡಾಕ ಇಷ್ಟು ಸಣ್ಣ ವೈರ್ ಸಾಕು' ಎಂದರು.

ಅಲ್ಲಿಗೆ ನನ್ನ ಪಟ್ಟಿ ತಾನಾಗಿ ಚಿಕ್ಕದಾಯಿತು. 75 ವ್ಯಾಟ್‌ನ ಒಳಗೆ, ಬೇರೆ ವೈರ್ ಬೇಡದ ಕಾರ್ಡ್. ಸಾವಿರಾರು ವಿಡಿಯೊ ನೋಡಿ ತಲೆಕೆಡಿಸಿಕೊಳ್ಳುವ ಬದಲು ಎಸ್‌ಎಂಪಿಎಸ್ ಚೀಟಿ ಓದಿದರೆ ಮುಕ್ಕಾಲು ಪಾಲು ಕಾರ್ಡುಗಳು ಅಲ್ಲಿಯೇ ಉದುರಿಹೋಗುತ್ತವೆ. ಅಂದಹಾಗೆ ಅಸೆಂಬಲ್ಡ್ ಕಂಪ್ಯೂಟರಿನವರು ಚೀಟಿಯ ಮೇಲಿನ ದಪ್ಪಕ್ಷರದ '450 ವ್ಯಾಟ್' ನಂಬಬೇಡಿ. 12 ವೋಲ್ಟ್ ಎಂಬ ಕಾಲಮ್ಮಿನ ಕೆಳಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ಅದನ್ನು ಹನ್ನೆರಡರಿಂದ ಗುಣಿಸಿ. ಪ್ರೊಸೆಸರ್ ಮತ್ತು ಕಾರ್ಡ್ ಕುಡಿಯುವುದು ಆ ಬಾವಿಯ ನೀರನ್ನೇ.

ಉಳಿದ ಹೆಸರುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಅಂಗಡಿಯಲ್ಲೂ ಮೊದಲು ಕೈಗೆ ಕೊಡುವುದು ಜಿಟಿ 730. 2014ರ ಕಾರ್ಡ್, ಇನ್ನೂ ಹೊಸ ಡಬ್ಬಿಯಲ್ಲಿ ಸಿಗುತ್ತದೆ. ಮಾನಿಟರಿಗೆ ಇನ್ನೊಂದು ತೂತು ಬೇಕು ಎನ್ನುವವರಿಗೆ ಸರಿ, ಕೆಲಸಕ್ಕಲ್ಲ. ಅದರ ಮೇಲಿನದು ಜಿಟಿ 1030, 2017ರದ್ದು, 30 ವ್ಯಾಟ್ ಸಾಕು. ಇದರಲ್ಲೊಂದು ಮರ್ಮವಿದೆ. ಮೊದಲು ಬಂದದ್ದು ಜಿಡಿಡಿಆರ್5 ಮೆಮೊರಿಯದ್ದು. ಮರುವರ್ಷ ಡಿಡಿಆರ್4 ಹಾಕಿ ಅದೇ ಹೆಸರಿನಲ್ಲಿ ಇನ್ನೊಂದು ಬಂತು. ಮೊದಲನೆಯದರಲ್ಲಿ ಮೆಮೊರಿಯಿಂದ ಸೆಕೆಂಡಿಗೆ 48 ಜಿಬಿ ಹರಿದರೆ ಎರಡನೆಯದರಲ್ಲಿ ಸುಮಾರು 17. ಡಬ್ಬಿಯ ಮೇಲೆ ಎರಡಕ್ಕೂ 2 ಜಿಬಿ ಎಂದೇ ಇರುತ್ತದೆ. ಜೊತೆಗೆ 1030ರಲ್ಲಿ ವಿಡಿಯೊ ಎನ್‌ಕೋಡ್ ಮಾಡುವ ಭಾಗವೇ ಇಲ್ಲ. ಯೂಟ್ಯೂಬಿಗೆ ಎಡಿಟಿಂಗ್, ಸ್ಟ್ರೀಮಿಂಗ್ ಮಾಡುವವರು ಇದನ್ನು ಗಮನಿಸಬೇಕು.

ಒಂದೇ ಹೆಸರಿನಲ್ಲಿ ಎರಡು ಮಾಲು ಎಂಬ ಈ ಪದ್ಧತಿ ದೊಡ್ಡ ಕಾರ್ಡುಗಳಲ್ಲೂ ಇದೆ. ಆರ್‌ಟಿಎಕ್ಸ್ 3050 ಎಂದು ಕೇಳಿದರೆ ಎರಡು ಸಿಗುತ್ತವೆ. 2022ರ 8 ಜಿಬಿಯದ್ದು 130 ವ್ಯಾಟ್ ಕೇಳುತ್ತದೆ, ಬೇರೆ ವೈರೂ ಬೇಕು. 2024ರ ಫೆಬ್ರುವರಿಯಲ್ಲಿ ಬಂದ 6 ಜಿಬಿಯದ್ದು 70 ವ್ಯಾಟ್. ಬರೀ ಎರಡು ಜಿಬಿ ವ್ಯತ್ಯಾಸ ಎಂದುಕೊಂಡರೆ ತಪ್ಪು. ಒಳಗಿನ ಕೋರ್‌ಗಳೂ 2,560ರಿಂದ 2,304ಕ್ಕೆ ಇಳಿದಿವೆ, ಮೆಮೊರಿಯ ದಾರಿಯೂ ಕಿರಿದಾಗಿದೆ. ಆಟ ಆಡುವವರು ಇದಕ್ಕೆ ಬಾಯಿಗೆ ಬಂದಂತೆ ಬೈದಿದ್ದಾರೆ. ನನ್ನಂಥ 75 ವ್ಯಾಟ್‌ನವರಿಗೆ ಮಾತ್ರ ಇದು ದೇವರು ಕೊಟ್ಟ ವರ.

ಎಎಂಡಿಯ ಆರ್‌ಎಕ್ಸ್ 6400 ಕೂಡ ಸ್ಲಾಟಿನ ಕರೆಂಟಿನಲ್ಲೇ ನಡೆಯುತ್ತದೆ, 53 ವ್ಯಾಟ್. ಆದರೆ ಅದು ಬೋರ್ಡಿನೊಂದಿಗೆ ಮಾತಾಡಲು ಬಳಸುವುದು ನಾಲ್ಕೇ ಲೇನ್. ಸ್ಲಾಟು ಹದಿನಾರು ಲೇನಿನ ಹೆದ್ದಾರಿ, ಇದು ಅದರಲ್ಲಿ ನಾಲ್ಕರಲ್ಲಿ ಮಾತ್ರ ಓಡುತ್ತದೆ. ನಾಲ್ಕನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಇರುವ ಹೊಸ ಬೋರ್ಡಿನಲ್ಲಿ ಅದು ನಡೆದೀತು. ನನ್ನ ಬೋರ್ಡು ಮೂರನೇ ಪೀಳಿಗೆಯದ್ದು, ಅಲ್ಲಿ ಒಂದು ಲೇನಿನಲ್ಲಿ ಸೆಕೆಂಡಿಗೆ ಸುಮಾರು ಒಂದು ಜಿಬಿ. ಅಂದರೆ ನಾಲ್ಕು ಜಿಬಿಯ ಮೇಲೆ ಹೋಗುವುದಿಲ್ಲ. ನಿಮ್ಮದು ಎಚ್81 ಚಿಪ್‌ಸೆಟ್‌ನ ಬೋರ್ಡಾದರೆ ಇನ್ನೂ ಕಷ್ಟ, ಅದರ ಸ್ಲಾಟು ಎರಡನೇ ಪೀಳಿಗೆಯದ್ದು, ಎಲ್ಲವೂ ಅರ್ಧ. ಹಳೇ ಕಂಪ್ಯೂಟರಿಗೆ ಸಣ್ಣ ಹೊಸ ಕಾರ್ಡ್ ಎಂದು ಮಾರುವುದೇ ಹಳೇ ಕಂಪ್ಯೂಟರಿನಲ್ಲಿ ಹೆಚ್ಚು ಸೊರಗುತ್ತದೆ ಎನ್ನುವುದು ತಮಾಷೆಯಲ್ಲವೇ?

ಇಂಟೆಲ್‌ನ ಆರ್ಕ್ ಎ380 ಕಾಗದದ ಮೇಲೆ ಬಹಳ ಚೆನ್ನಾಗಿತ್ತು. 6 ಜಿಬಿ, 75 ವ್ಯಾಟ್, ವಿಡಿಯೊ ಕೆಲಸಕ್ಕೆ ಗಟ್ಟಿಗ. ಆದರೆ ಅದಕ್ಕೆ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಬೋರ್ಡಿನಲ್ಲಿ ಇರಲೇಬೇಕು, ಹತ್ತನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬಳಸಿ ಎಂದು ಇಂಟೆಲ್ಲೇ ಹೇಳುತ್ತದೆ. ನನ್ನದು ನಾಲ್ಕು. ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸಿದ್ದು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580. 8 ಜಿಬಿ, ಬೆಲೆ ಐದಾರು ಸಾವಿರ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ವ್ಯವಸ್ಥೆ ಬದಲಿಸಿ ಗ್ರಾಫಿಕ್ಸ್ ಕಾರ್ಡಿನ ಗಣಿಗಾರಿಕೆಗೆ ಬಾಗಿಲು ಹಾಕಿತಲ್ಲ, ಆಮೇಲೆ ಮೈನಿಂಗ್ ಶೆಡ್ಡುಗಳಿಂದ ಇಂಥ ಕಾರ್ಡುಗಳು ಮಾರುಕಟ್ಟೆಗೆ ಹರಿದು ಬಂದವು. 185 ವ್ಯಾಟ್ ಬೇಕು, ಹಾಗಾಗಿ ನನಗೆ ಹೇಗೂ ಆಗದು. ಆದರೆ ದೊಡ್ಡ ಎಸ್‌ಎಂಪಿಎಸ್ ಇದ್ದ ಬ್ಲೆಂಡರ್ ಕಲಿಯುವ ಗೆಳೆಯರೂ ಇದನ್ನು ಕೊಳ್ಳಲು ಹೊರಟಿದ್ದರಿಂದ ಬರೆಯುತ್ತಿದ್ದೇನೆ: 2021ರ ಡಿಸೆಂಬರಿನಲ್ಲಿ ಬಂದ ಬ್ಲೆಂಡರ್ 3.0ರಿಂದ ಓಪನ್‌ಸಿಎಲ್ ತೆಗೆದುಹಾಕಿದ್ದಾರೆ. ಎಎಂಡಿಯ ಹೊಸ ಕಾರ್ಡುಗಳಿಗೆ ಬೇರೆ ದಾರಿ ಇದೆ, 580ರ ಪೀಳಿಗೆಗೆ ಇಲ್ಲ. ಸೈಕಲ್ಸ್ ರೆಂಡರ್‌ಗೆ ಆ ಕಾರ್ಡ್ ಇದ್ದೂ ಇಲ್ಲದಂತೆ. ಅದೇ ಕಾರ್ಡ್ ಜಿಟಿಎ 5 ಆಡುವವನಿಗೆ ಇವತ್ತಿಗೂ ಒಳ್ಳೆಯದೇ. ಯಾರ ಕೆಲಸಕ್ಕೆ ಎನ್ನುವುದನ್ನು ಬಿಟ್ಟು ಕಾರ್ಡಿನ ಗುಣ ಹೇಳಲಾಗದು.

ಕೊನೆಗೆ ಉಳಿದದ್ದು ಎನ್ವಿಡಿಯಾದ ಮೂರು. 1050 ಟಿಐ, 1650, ಮತ್ತು 3050ರ 6 ಜಿಬಿಯದ್ದು. 2016ರ 1050 ಟಿಐ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು, ಇನ್ನು ಭದ್ರತಾ ಅಪ್‌ಡೇಟ್ ಮಾತ್ರ. ಉಳಿದದ್ದು ಎರಡು. ಅವನ್ನು ಕೈಯಲ್ಲಿ ಹಿಡಿದು ನೋಡಬೇಕೆಂದು ತಮ್ಮನನ್ನು ಕರೆದುಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ.

ಎಸ್‌.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ನೋಡದವರು ಒಮ್ಮೆ ನೋಡಬೇಕು. ನಡೆಯಲು ಜಾಗವಿಲ್ಲದ ಓಣಿಯಲ್ಲಿ ಕೇಬಲ್ಲು, ಕೀಬೋರ್ಡು, ಮಾನಿಟರುಗಳ ಸಂತೆ. ನಾನು ಪ್ರಶ್ನೆ ಕೇಳಿದರೆ ಮೊದಲ ಅಂಗಡಿಯವರು ತಮ್ಮನ ಮುಖ ನೋಡಿ ಉತ್ತರ ಕೊಟ್ಟರು. 'ಯಾವ ಗೇಮ್ ಬ್ರದರ್, ವ್ಯಾಲೊರಂಟಾ?' ತಮ್ಮ, 'ನನಗಲ್ಲ ಸರ್, ಅಕ್ಕನಿಗೆ. ರೆಂಡರ್‌ಗೆ' ಎಂದ. ಅವರು 'ಓ, ಮೇಡಂಗಾ' ಎಂದು ಮತ್ತೆ ಅವನ ಕಡೆಯೇ ತಿರುಗಿ ಜಿಟಿ 730ರ ಡಬ್ಬಿ ಇಟ್ಟರು. ಸಿವಿಲ್ ಸೈಟಿನಲ್ಲಿ ಇಂಟರ್ನ್‌ಶಿಪ್ ಮಾಡಿದವಳಿಗೆ ಇದು ಹೊಸದಲ್ಲ. ಎದ್ದು ಪಕ್ಕದ ಅಂಗಡಿಗೆ ಹೋದೆವು.

ಎರಡನೆಯದರಲ್ಲಿ ಸೆಕೆಂಡ್ ಹ್ಯಾಂಡ್ 1650 ಇತ್ತು. 6,500 ಎಂದರು. 'ಮೈನಿಂಗ್‌ದಲ್ಲ ಮೇಡಂ, ಆಫೀಸಲ್ಲಿ ಯೂಸ್ ಮಾಡಿದ್ದು' ಎಂದು ಕೇಳದೆಯೇ ಹೇಳಿದರು. ಅದನ್ನು ಯಾರೂ ಸಾಬೀತು ಮಾಡಲಾರರು, ಹಾಗಾಗಿ ಕೇಳುವುದೂ ವ್ಯರ್ಥ. ನೋಡಬೇಕಾದ್ದು ಬೇರೆ ಇದೆ. ಫ್ಯಾನನ್ನು ಬೆರಳಿನಲ್ಲಿ ಮೆಲ್ಲಗೆ ತಿರುಗಿಸಿದರೆ ಗರಗರ ಎನ್ನಬಾರದು. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಕಂಪ್ಯೂಟರಿಗೆ ಹಾಕಿಸಿ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆಯಬೇಕು. ಹಳೇ ಕಾಲದ ಚಿಪ್ಪಿಗೆ ಹೊಸ ಹೆಸರಿನ ಬಯೋಸ್ ತುಂಬಿ 1050 ಟಿಐ ಎಂದು ಮಾರುವ ದಂಧೆ ಇದೆ. ಇಂಥ ನಕಲಿಗಳನ್ನು ಹಿಡಿಯುವ ವ್ಯವಸ್ಥೆ ಆ ತಂತ್ರಾಂಶದಲ್ಲಿದೆ. ಆಮೇಲೆ ಒಂದು ಹದಿನೈದು ನಿಮಿಷ ಫರ್‌ಮಾರ್ಕ್ ಓಡಿಸಿ ಶಾಖ ಎಲ್ಲಿಗೆ ಹೋಗಿ ನಿಲ್ಲುತ್ತದೆ, ಪರದೆಯಲ್ಲಿ ಬಣ್ಣದ ಚುಕ್ಕೆಗಳು ಮೂಡುತ್ತವೆಯೇ ನೋಡಬೇಕು. ಅವರು ಸಂಕೋಚವಿಲ್ಲದೆ ಎಲ್ಲಕ್ಕೂ ಅವಕಾಶ ಕೊಟ್ಟರು, ಟೀ ಕೂಡ ತರಿಸಿದರು. ಕಾರ್ಡ್ ಗಟ್ಟಿಯಾಗಿಯೇ ಇತ್ತು. ಗ್ಯಾರಂಟಿ ಮಾತ್ರ ಹದಿನೈದು ದಿನ.

ಮೂರನೆಯ ಅಂಗಡಿಯಲ್ಲಿ 3050, 6 ಜಿಬಿ, ಒಂದೇ ಫ್ಯಾನಿನ ಗಿಡ್ಡ ಮಾದರಿ. ಹೊಸದು, ಮೂರು ವರ್ಷದ ವಾರಂಟಿ, ಜಿಎಸ್‌ಟಿ ಬಿಲ್ ಸಹಿತ 17,200. ಬಿಲ್ ಬೇಡವೆಂದರೆ ಇನ್ನಷ್ಟು ಇಳಿಸುತ್ತೇನೆ ಎನ್ನುವವರು ಆ ಓಣಿಯಲ್ಲಿ ಸಿಗುತ್ತಾರೆ. ಮೂರು ವರ್ಷದ ವಾರಂಟಿ ಇರುವ ವಸ್ತುವಿಗೆ ಬಿಲ್ಲೇ ಆಧಾರ, ಆ ಮಾತಿಗೆ ಕಿವಿ ಕೊಡುವುದು ಬೇಡ.

ಅವತ್ತು ಯಾವುದನ್ನೂ ಕೊಳ್ಳದೆ ವಾಪಸ್ ಬಂದೆವು. ರೈಲಿನಲ್ಲಿ ತಮ್ಮ, '1650 ತಗೊಂಡ್ರೆ ಹನ್ನೆರಡು ಸಾವಿರ ಉಳಿತಿತ್ತಲ್ಲಕ್ಕ' ಎಂದ. ಅವನ ಮಾತು ಸುಳ್ಳಲ್ಲ. ಹನ್ನೆರಡು ಸಾವಿರ ನಮ್ಮ ಮನೆಯಲ್ಲಿ ದೊಡ್ಡ ದುಡ್ಡು. ಹನ್ನೆರಡು ವರ್ಷದ ಡಬ್ಬಕ್ಕೆ ಅದರ ಈಗಿನ ಬೆಲೆಗಿಂತ ದುಬಾರಿ ಕಾರ್ಡ್ ಹಾಕುವುದು ಹುಚ್ಚಾಟ ಎಂದು ಬಹಳ ಜನ ಹೇಳಿದ್ದರು. ನಾನು ತೂಗಿ ನೋಡಿದ್ದು ಬೇರೆ ತಕ್ಕಡಿಯಲ್ಲಿ. ಈ ಡಬ್ಬ ಇನ್ನೆರಡು ವರ್ಷ ಬಾಳಬಹುದು, ಅಷ್ಟೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಡಬ್ಬ ಹೋದರೂ ಕಾರ್ಡ್ ಹೋಗುವುದಿಲ್ಲ, ಮುಂದಿನ ಯಂತ್ರಕ್ಕೆ ಕಿತ್ತು ಹಾಕಬಹುದು. ಆಗ 4 ಜಿಬಿಯ 1650 ಅಲ್ಲಿಗೆ ಹೋಗಿ ಏನು ಮಾಡುತ್ತದೆ?

ಆ ನಾಲ್ಕು ಮತ್ತು ಆರರ ನಡುವಿನ ಅಂತರವೂ ರೆಂಡರ್‌ನಲ್ಲಿ ಸಣ್ಣದಲ್ಲ. ಮನೆಯ ಮಾದರಿ, ಟೈಲ್ಸಿನ ಚಿತ್ರ, ಮರ, ಹುಲ್ಲು ಎಲ್ಲವೂ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಕೂರಬೇಕು. ಹಿಡಿಸದಿದ್ದರೆ ಕಂಪ್ಯೂಟರಿನ ಮಾಮೂಲಿ ರ್ಯಾಮ್‌ನಿಂದ ಎಳೆದೆಳೆದು ತರಬೇಕು, ಇಲ್ಲವೇ ಮೆಮೊರಿ ಸಾಲದು ಎಂದು ನಿಂತುಬಿಡುತ್ತದೆ. ಗೆಳತಿಯ ಮನೆಯಲ್ಲಿ ಹುಲ್ಲುಹಾಸು ಸೇರಿಸಿದ ಇನ್ನೊಂದು ಫೈಲ್ ಹಾಗೆಯೇ ನಿಂತಿತ್ತು. ಇದಲ್ಲದೆ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಬೆಳಕಿನ ಕಿರಣದ ಲೆಕ್ಕಕ್ಕೆಂದೇ ಪ್ರತ್ಯೇಕ ಭಾಗವಿದೆ, 1650ರಲ್ಲಿ ಅದಿಲ್ಲ. ಲೇನ್ ವಿಚಾರವನ್ನೂ ನೋಡಿದ್ದೆ. 3050ಕ್ಕೆ ಎಂಟು ಲೇನ್, ನನ್ನ ಬೋರ್ಡಿನಲ್ಲಿ ಅದು ಉಸಿರಾಡಬಹುದು.

ಮನೆಯಲ್ಲಿ ಲೆಕ್ಕವನ್ನು ಹಾಳೆಯಲ್ಲಿ ಬರೆದು ಅಪ್ಪನ ಮುಂದಿಟ್ಟೆ. ಒಂದು ವಾಕ್‌ಥ್ರೂಗೆ ಐದು ಸಾವಿರದಂತೆ ನಾಲ್ಕು ಮಾಡಿದರೆ ಕಾರ್ಡಿನ ದುಡ್ಡು ಬಂತು. ಲ್ಯಾಪ್‌ಟಾಪ್‌ ಆದರೆ ಹದಿಮೂರು, ಅದರ ಮೇಲೆ ಸರದ ಬಡ್ಡಿ. ಅಪ್ಪ ಹಾಳೆಯನ್ನು ಎರಡು ಸಲ ಓದಿ, ತಮ್ಮ ಟೇಪ್ ತಂದು, ಡಬ್ಬದ ಒಳಗೆ ಸ್ಲಾಟಿನಿಂದ ಡಿಸ್ಕಿನ ಗೂಡಿನವರೆಗೆ ಅಳೆದರು. ಕಾರ್ಡಿನ ಉದ್ದ 17 ಸೆಂಟಿಮೀಟರ್. ಜಾಗ ಇತ್ತು. 'ತರಿಸು' ಎಂದರು. ಈ ಅಳತೆಯನ್ನು ಯಾರೂ ಬಿಡಬೇಡಿ. ಇದೇ ಆಪ್ಟಿಪ್ಲೆಕ್ಸ್‌ನ ಸಪೂರ ಮಾದರಿ ಇರುವವರಿಗೆ ಕಾರ್ಡಿನ ಎತ್ತರವೂ ಅರ್ಧ ಇರಬೇಕು, ಲೋ ಪ್ರೊಫೈಲ್ ಎಂದು ಕೇಳಿ ತರಿಸಬೇಕು.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಮ್ಮಂಥವರ ಮನೆಯ ಮಾನಿಟರಿಗೆ ಇರುವುದು ನೀಲಿ ಪ್ಲಗ್ಗಿನ ವಿಜಿಎ. ಈಚಿನ ಕಾರ್ಡುಗಳಲ್ಲಿ ಅದು ಇಲ್ಲವೇ ಇಲ್ಲ, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಮಾತ್ರ. ಬರೀ ಪ್ಲಗ್ ಬದಲಿಸುವ ಕೇಬಲ್‌ ಕೆಲಸ ಮಾಡದು. ಡಿಜಿಟಲ್ಲನ್ನು ಅನಲಾಗ್ ಮಾಡುವ ಚಿಪ್ ಇರುವ ಅಡಾಪ್ಟರ್ ಬೇಕು. ಕಾರ್ಡಿನ ಜೊತೆಯಲ್ಲೇ ತರಿಸಿದೆ. ಯುಪಿಎಸ್ ಇದ್ದವರು ಅದರ ಹಿಂದಿನ ಚೀಟಿಯನ್ನೂ ಓದಿ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ ಹೊರುವುದು 360 ವ್ಯಾಟ್. ನನಗೆ ಅಷ್ಟು ಸಾಕಾಯಿತು.

ದಸರಾ ಮುಗಿದ ವಾರ ಕಾರ್ಡ್ ಬಂತು. ಹಾಕುವ ಮೊದಲು ಡೆಲ್‌ನ ಕೊನೆಯ ಬಯೋಸ್ ಅಪ್‌ಡೇಟ್ ಮಾಡಿ, ಬೂಟ್ ಕ್ರಮ ಯುಇಎಫ್‌ಐನಲ್ಲಿದೆಯೇ ನೋಡಿಕೊಂಡೆ. ಹಳೇ ಬೋರ್ಡುಗಳು ಹೊಸ ಕಾರ್ಡನ್ನು ಗುರುತಿಸದೆ ಕಪ್ಪು ಪರದೆ ತೋರಿಸುವುದು ಹೆಚ್ಚಾಗಿ ಇಲ್ಲಿಯೇ. ಕೂರಿಸಲು ಐದು ನಿಮಿಷ. ಅಮ್ಮ ದೀಪ ಹಚ್ಚಿ, ಕಾರ್ಡಿಗೂ ಒಂದು ಚೂರು ಕುಂಕುಮ ಎಂದು ಬಂದವಳನ್ನು ತಡೆದು ಡಬ್ಬದ ಹೊರಗಡೆ ಹಚ್ಚಿಸಿದೆವು.

22 ನಿಮಿಷದ ಚಿತ್ರ ಒಂದೂವರೆ ನಿಮಿಷಕ್ಕೆ ಬಂತು. ಹತ್ತು ಸೆಕೆಂಡಿಗೆ 6 ಗಂಟೆ. ರೆಂಡರ್ ನಡೆಯುವಾಗ ಪ್ರತಿ ಚಿತ್ರವನ್ನೂ ಬೇರೆ ಬೇರೆ ಫೈಲಾಗಿ ಉಳಿಸಿ ಕೊನೆಗೆ ವಿಡಿಯೊ ಮಾಡುತ್ತೇನೆ. ನಡುರಾತ್ರಿ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಆದರೆ ಕಾರ್ಡ್ ಎಲ್ಲವನ್ನೂ ಸರಿ ಮಾಡಲಿಲ್ಲ. ದೊಡ್ಡ ಫೈಲ್ ತೆರೆಯುವಾಗ, ಪ್ರತಿ ಚಿತ್ರಕ್ಕೂ ಮುಂಚೆ ಸೀನ್ ಸಿದ್ಧ ಮಾಡುವಾಗ ನಾಲ್ಕು ಮೇಸ್ತ್ರಿಗಳು ಇನ್ನೂ ಏದುಸಿರು ಬಿಡುತ್ತಾರೆ. ತಮ್ಮ ಆಡುವ ವ್ಯಾಲೊರಂಟ್‌ನಲ್ಲಿ ಅವನಂದುಕೊಂಡಷ್ಟು ವೇಗವೂ ಬರಲಿಲ್ಲ. ಅದು ಪ್ರೊಸೆಸರನ್ನೇ ಹೆಚ್ಚು ನೆಚ್ಚಿದ ಆಟ. ವಿಂಡೋಸ್ 10ಕ್ಕೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಹಚ್ಚಿ, ಪಕ್ಕದಲ್ಲಿ ಲಿನಕ್ಸ್ ಹಾಕಿಕೊಂಡಿದ್ದೇನೆ. ಬ್ಲೆಂಡರ್ ಅಲ್ಲಿ ಆರಾಮಾಗಿ ನಡೆಯುತ್ತದೆ.

ಈಗ ಕಾಲೇಜಿನ ಜೂನಿಯರ್‌ಗಳು ಫೋನ್ ಮಾಡಿ 'ಅಕ್ಕ, ನಾವೂ ಅದೇ ಕಾರ್ಡ್ ತಗೊಳ್ಳದಾ?' ಎನ್ನುತ್ತಾರೆ. ಮೆಶೀನ್ ಲರ್ನಿಂಗ್ ಕಲಿಯುವ ಹುಡುಗಿಗೆ ಬೇಡ ಎಂದೆ; ಗೂಗಲ್ ಕೊಲ್ಯಾಬ್, ಕ್ಯಾಗಲ್‌ಗಳಲ್ಲಿ ಇದಕ್ಕಿಂತ ದೊಡ್ಡ ಕಾರ್ಡುಗಳು ದಿನದ ಒಂದಷ್ಟು ಹೊತ್ತು ಪುಕ್ಕಟೆ ಸಿಗುವಾಗ, ಕಲಿಯುವ ಹಂತದಲ್ಲಿ ಸಾಲ ಯಾಕೆ? ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗನಿಗೆ ಸೆಕೆಂಡ್ ಹ್ಯಾಂಡ್ 1650ನ್ನೇ ಹೇಳಿದೆ. ಇನ್ನೊಬ್ಬನ ಎಸ್‌ಎಂಪಿಎಸ್ ಚೀಟಿಯ ಫೋಟೊ ತರಿಸಿ ನೋಡಿದರೆ 12 ವೋಲ್ಟ್ ಕಾಲಮ್ಮೇ ಉಜ್ಜಿಹೋಗಿತ್ತು. ಮೊದಲು ಅದನ್ನು ಬದಲಿಸಪ್ಪ, ಆಮೇಲೆ ಕಾರ್ಡಿನ ಮಾತು ಎಂದೆ. ಅವನಿಗೆ ಬೇಸರವಾಗಿದೆ.

ಎಂಜಿನಿಯರ್‌ಗೆ ಮೂರು ವಾಕ್‌ಥ್ರೂ ಕೊಟ್ಟಾಯಿತು, ನಾಲ್ಕನೆಯದರ ಅಡ್ವಾನ್ಸ್ ಬಂದಿದೆ. ಮೊದಲನೆಯದನ್ನು ಬೆಂಗಳೂರಿನ ಆ ಸಂಸ್ಥೆಗೂ ಕಳಿಸಿದ್ದೆ. ಹೋದ ವಾರ ಎರಡನೇ ಸುತ್ತಿಗೆ ಕರೆ ಬಂತು. ಈ ಸಲ ಒಳಾಂಗಣ ಮಾಡಿ ತೋರಿಸಬೇಕಂತೆ. ಸೋಫಾ, ಪರದೆ, ಗಾಜಿನ ಬೀರು, ಕಿಟಕಿಯಿಂದ ಬೀಳುವ ಬೆಳಗಿನ ಬಿಸಿಲು. ಸೀನ್ ಅರ್ಧ ಮುಗಿಯುವ ಹೊತ್ತಿಗೆ ಮೆಮೊರಿ ಮೀಟರ್ 4.8 ಜಿಬಿ ತೋರಿಸುತ್ತಿದೆ. ಬೀರುವಿನೊಳಗೆ ಇಡಬೇಕಾದ ಪುಸ್ತಕಗಳು ಇನ್ನೂ ಬಾಕಿ ಇವೆ.